ಅವೆರ್ಕಿ ಹೊತ್ತು ತರಲಾರದ ಜೀವಿಗಳು

ಉಸ್ತಿನ್ಯಾ ಮದುವೆಗೆ ಒಪ್ಪಿ ನಾಲ್ಕು ವರ್ಷವಾಗಿತ್ತು. ಮದುವೆ ಮಾತ್ರ ಆಗಿರಲಿಲ್ಲ. ಅಡ್ಡ ನಿಂತದ್ದು ಯುಸ್ಯಾವಾದ್ ಕೆರೆಯ ತಳದ ಕೆಸರು. ಆ ಕೆಸರನ್ನು ಪರೀಕ್ಷಿಸಿ ಹೇಗಿದೆ ಎಂದು ಹೇಳಬೇಕಾದವಳು, ಪ್ರಯೋಗಾಲಯದಿಂದ ಬರುತ್ತಿದ್ದ ನಾನು. ಹೀಗಾಗಿ ಪ್ರತಿ ಆಗಸ್ಟ್ ಕೊನೆಯಲ್ಲಿ ನಾನು ದೋಣಿಯಿಂದ ದಡಕ್ಕೆ ಕಾಲಿಟ್ಟಾಗ, ಡಾಕ್ಟರು ಕೋಣೆಯಿಂದ ಹೊರಬಂದಾಗ ಬೆಂಚಿನ ಮೇಲೆ ಕೂತವರು ನೋಡುವಂತೆ, ಹಳ್ಳಿಯವರೆಲ್ಲ ನನ್ನ ಮುಖ ನೋಡುತ್ತಿದ್ದರು. ನನ್ನದು ಮೊದಲೇ ಪುಕ್ಕಲು ಸ್ವಭಾವ. ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ನೋಡಿದ್ದು ನಿಜವೇ ಎಂದು ಮತ್ತೆ ನೋಡುವವಳು. ಇನ್ನೊಬ್ಬರ ಮದುವೆಯನ್ನೂ ಹೆಗಲ ಮೇಲೆ ಹೊರುವುದು ನನಗೆ ಹೇಳಿಮಾಡಿಸಿದ ಕೆಲಸವಾಗಿರಲಿಲ್ಲ.

ಕೆರೆಯ ಮೂಡಲ ಮೂಲೆಗೆ ಒಂದು ತೊರೆ ಬಂದು ಸೇರುತ್ತದೆ. ಆ ತೊರೆಯ ಮೇಲುಗಡೆ ಒಂದು ವಸಂತದಲ್ಲಿ ಕಚ್ಚಾ ಎಣ್ಣೆಯ ಕೊಳವೆ ಒಡೆಯಿತು. ಹಿಮ ಕರಗುವ ಕಾಲ. ನೀರಿನ ಜೊತೆ ಎಣ್ಣೆಯೂ ಇಳಿದು ಬಂತು. ಕಂಪನಿಯವರು ಮೇಲೆ ತೇಲಿದ್ದನ್ನು ಬಳಿದು ಒಯ್ದರು, ದಡದ ಪಾಚಿ ಕೆರೆದು ಒಯ್ದರು. ಭಾರವಾದದ್ದು ತಳಕ್ಕೆ ಇಳಿದು ಕೂತಿತು. ಬಲೆ ಹಾಕುವುದಕ್ಕೆ ತಡೆ ಬಂತು. ಕೆಲವು ವರ್ಷಗಳಲ್ಲಿ ನೀರು ಸರಿಹೋಯಿತು. ಮೀನಿನ ಮಾಂಸವೂ ಪರೀಕ್ಷೆಯಲ್ಲಿ ಗೆದ್ದಿತು. ಆದರೆ ಚಳಿಗಾಲವಿಡೀ ಮೀನು ಮೇಯುವುದು ತಳದ ಹುಳುಗಳನ್ನು. ತಳ ಗುಣವಾಗದೆ ಮೀನು ಗುಣವಾಗಿದೆ ಎಂದು ಹೇಳಲು ಯಾವ ಅಧಿಕಾರಿಯೂ ಸಿದ್ಧನಿರಲಿಲ್ಲ, ನಾನಂತೂ ಇರಲಿಲ್ಲ.

ಇನ್ನು ಉಸ್ತಿನ್ಯಾ. ಐವತ್ತೆಂಟರ ವಿಧವೆ, ಎತ್ತರದ ಹೆಂಗಸು. ಅವಳ ಅಪ್ಪ, ಆಮೇಲೆ ಗಂಡ, ಇಬ್ಬರೂ ಯುಸ್ಯಾವಾದ್‌ನಲ್ಲಿ ಬಲೆ ಹಾಕಿದವರು. ನಾನು ಉಳಿಯುತ್ತಿದ್ದದ್ದು ಅವಳ ಮನೆಯಲ್ಲೇ. ಅವಳನ್ನು ಕೇಳಿಕೊಂಡು ಬಂದವನು ಅವೆರ್ಕಿ, ಊಸಾ ನದಿಯ ಕೆಳಗಿನ ಹಳ್ಳಿಯವನು. ನಿವೃತ್ತ ಟ್ರ್ಯಾಕ್ಟರ್ ಚಾಲಕ, ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕುವುದರಲ್ಲಿ ತನ್ನಂಥವನು ಪೆಚೋರಾ ನದಿಯ ತನಕ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಉಸ್ತಿನ್ಯಾ ಹೂಂ ಅಂದಳು, ಆದರೆ ಒಂದು ಷರತ್ತು ಹಾಕಿದಳು. ಉತ್ತರದ ಹಿಮನಾಡಿನ ನಮ್ಮ ಕೋಮಿ ಜನರಲ್ಲಿ ಚೆರಿನ್ಯಾನ್ ಇಲ್ಲದೆ ಹಬ್ಬವಿಲ್ಲ. ರೈ ಧಾನ್ಯದ ಹಿಟ್ಟಿನ ಹೊದಿಕೆಯೊಳಗೆ ಇಡೀ ಮೀನನ್ನು ಮಲಗಿಸಿ ಒಲೆಯಲ್ಲಿ ಬೇಯಿಸುವುದು.

"ನನ್ನ ಮದುವೆಯ ಚೆರಿನ್ಯಾನ್ ಒಳಗೆ ಮಲಗೋ ಮೀನು ನನ್ನ ಕೆರೆದೇ ಆಗಿರಬೇಕು" ಎಂದಿದ್ದಳು. "ಅಂಗಡಿಯ ಮಂಜುಗಟ್ಟಿದ ಮೀನಿಟ್ಟು ಜನಕ್ಕೆ ಊಟ ಹಾಕೋಕೆ ನಾನೇನು ಪಟ್ಟಣದವಳಾ?"

"ನಮ್ಮೂರಿಂದ ಮೂಟೆಗಟ್ಟಲೆ ತರ್ತೀನಿ ಕಣೇ" ಎಂದಿದ್ದ ಅವೆರ್ಕಿ.

"ಹೆಣ್ಣಿನ ಮನೆ ಊಟಕ್ಕೆ ಗಂಡಿನ ಊರ ಮೀನಾ? ನಿಮ್ಮೂರ ಹೆಂಗಸ್ರು ನಾನು ಸಾಯೋವರೆಗೂ ಆಡ್ಕೊಳ್ತಾರೆ."

ಹೀಗೆ ನಾಲ್ಕು ವರ್ಷ ಅವನು ಬಂದು ಬಂದು ಸೌದೆ ಒಡೆದುಕೊಟ್ಟು, ಚಹಾ ಕುಡಿದು, ತನ್ನ ಊರಿಗೆ ಮರಳುತ್ತಿದ್ದ.

ಆ ವರ್ಷ ದೋಣಿಯಲ್ಲಿ ನನ್ನನ್ನು ಕರೆತಂದವನು ಅವನೇ. ದಾರಿಯುದ್ದಕ್ಕೂ ಶಿಳ್ಳೆ. ಗಡ್ಡ ಕತ್ತರಿಸಿಕೊಂಡಿದ್ದ, ಹೊಸ ಟೋಪಿ ಹಾಕಿದ್ದ.

"ಏನಣ್ಣ, ಬಹಳ ಖುಷಿಯಲ್ಲಿದ್ದೀಯ?" ಎಂದೆ.

"ಈ ಸಲ ಸಿಗುತ್ತೆ ತಂಗಿ, ನಿನ್ನ ಮೊರ್ಮಿಶ್. ನನ್ನ ಬಲಗಣ್ಣು ಅದುರ್ತಾ ಇದೆ."

ಮೊರ್ಮಿಶ್ ಅಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಬೆನ್ನು ಬಾಗಿದ ಸಿಹಿನೀರಿನ ಸೀಗಡಿ. ಗಾಳದವರಿಗೆ ಅದು ಎರೆ. ನನ್ನಂಥವರಿಗೆ ಅದು ಸಾಕ್ಷಿ. ಎಣ್ಣೆಯ ವಾಸನೆ ಬಡಿದರೆ ಮೊದಲು ಸಾಯುವುದು, ಎಲ್ಲರಿಗಿಂತ ಕೊನೆಗೆ ಮರಳಿ ಬರುವುದು ಅದೇ. ದಾರದಂಥ ಕೆಂಪು ಹುಳುಗಳದು ಇದಕ್ಕೆ ವಿರುದ್ಧ. ಕೊಳೆತ, ಎಣ್ಣೆ ಕುಡಿದ ಕೆಸರಿನಲ್ಲಿ ಉಳಿದವರೆಲ್ಲ ಸತ್ತ ಮೇಲೆ ಇಡೀ ಮನೆ ತಮ್ಮದೇ ಎಂಬಂತೆ ಹೆಚ್ಚುತ್ತವೆ. ಹಿಂದಿನ ವರ್ಷ ಉಸ್ತಿನ್ಯಾಳ ಮೇಜಿನ ಮುಂದೆ ಕೂತು, ಮೊರ್ಮಿಶ್ ಬಂದ ದಿನ ಕೆರೆ ಗುಣವಾಯಿತೆಂದು ತಿಳಿಯಿರಿ ಎಂದು ನಾನು ಹೇಳಿದ್ದೆ. ಅವೆರ್ಕಿ ಆಗ ತಟ್ಟೆಯ ಶಂಗಿಯನ್ನು, ಆಲೂಗಡ್ಡೆ ಹಚ್ಚಿದ ರೊಟ್ಟಿಯನ್ನು, ಬಾಯಿಗಿಡುವುದನ್ನೇ ನಿಲ್ಲಿಸಿ ಕೇಳಿಸಿಕೊಂಡಿದ್ದ. ಆಸಕ್ತಿ ಇದೆಯಲ್ಲ ಎಂದು ನನಗೆ ಸಂತೋಷವಾಗಿತ್ತು.

ಮರುದಿನ ಬೆಳಿಗ್ಗೆ ಮೂವರೂ ಕೆರೆಗಿಳಿದೆವು. ಹುಟ್ಟು ಅವೆರ್ಕಿಯದು, ಜರಡಿ ಉಸ್ತಿನ್ಯಾಳದು. ನಾನು ಮಾದರಿ ತೆಗೆಯುವ ಜಾಗಗಳಿಗೆ ಗುರುತಾಗಿ ಖಾಲಿ ಪ್ಲಾಸ್ಟಿಕ್ ಬಾಟಲಿಗಳು ತೇಲುತ್ತಿರುತ್ತವೆ, ಪ್ರತಿಯೊಂದೂ ತಳದ ಕಲ್ಲಿಗೆ ದಾರದಿಂದ ಕಟ್ಟಿದ್ದು. ಆ ಬಾಟಲಿಯ ಪಕ್ಕದಲ್ಲಿ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಬೇಕು. ಅದು ತಳಕ್ಕೆ ಕೂತಾಗ ಹಗ್ಗ ಜಗ್ಗಿದರೆ ಅದರ ದವಡೆ ಮುಚ್ಚಿಕೊಂಡು ಒಂದು ತುತ್ತು ಕೆಸರು ಮೇಲೆ ಬರುತ್ತದೆ. ಆ ಕೆಸರನ್ನು ಜರಡಿಗೆ ಹಾಕಿ, ದೋಣಿಯ ಪಕ್ಕಕ್ಕೆ ಬಾಗಿ, ನೀರಿನಲ್ಲಿ ಅಲುಗಾಡಿಸುತ್ತ ತೊಳೆದರೆ ಹೂಳು ಹೋಗಿ ಜೀವಿಗಳು ಉಳಿಯುತ್ತವೆ. ಉಸ್ತಿನ್ಯಾ ಅದನ್ನು ಹಿಟ್ಟು ಜರಡಿ ಹಿಡಿದಷ್ಟು ನಯವಾಗಿ ಮಾಡುತ್ತಿದ್ದಳು.

ಮೊದಲ ಜರಡಿಯಲ್ಲೇ ಅವಳು ಉಸಿರು ಬಿಗಿಹಿಡಿದಳು.

"ತಂಗಿ... ಇಲ್ಲಿ ನೋಡು."

ಜರಡಿಯ ತುಂಬ ಮೊರ್ಮಿಶ್. ವಿಲವಿಲ ಒದ್ದಾಡುತ್ತಿದ್ದವು.

"ಅಯ್ಯೋ ದೇವರೇ! ಮೊರ್ಮಿಶ್!" ಎಂದು ಅವೆರ್ಕಿ ಕೂಗಿದ. ದೋಣಿಯ ಇನ್ನೊಂದು ತುದಿಯಲ್ಲಿದ್ದವನು, ಜರಡಿಯೊಳಗೆ ಅವನಿನ್ನೂ ಕಣ್ಣು ಹಾಯಿಸಿಯೇ ಇರಲಿಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡ. "ಎಷ್ಟೊಂದು! ನಾನು ಹೇಳ್ಲಿಲ್ವಾ, ಕಣ್ಣು ಅದುರ್ತಿದೆ ಅಂತ?"

ಉಸ್ತಿನ್ಯಾ ಜರಡಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನಿಜ ಹೇಳಬೇಕೆಂದರೆ ನನ್ನದೂ. ಒಂದು ಕ್ಷಣ ನಾನು ಸೀಗಡಿಗಳನ್ನಲ್ಲ, ಮದುವೆಯನ್ನೇ ನೋಡಿದೆ.

ಆಮೇಲೆ ನನ್ನ ಹಳೆಯ ಅಭ್ಯಾಸ ಎಚ್ಚರವಾಯಿತು. ಮುಚ್ಚಳ ಬಿಗಿಯಾಗಿದೆಯೇ?

ಎರಡನೆಯ ಬಾಟಲಿಗೆ ಹೋದೆವು. ಅಲ್ಲೂ ತುಂಬ. ಮೂರನೆಯದರಲ್ಲೂ. ಮೊರ್ಮಿಶ್ ಮರಳಿ ಬರುವುದಿದ್ದರೆ ಒಂದು ಮೂಲೆಯಿಂದ ಒಂದೆರಡಾಗಿ ಬರುತ್ತದೆ. ಮದುವೆ ದಿಬ್ಬಣದಂತೆ ಎಲ್ಲ ಕಡೆ ಒಟ್ಟಿಗೆ ಇಳಿಯುವುದಿಲ್ಲ. ಬಿಳಿ ಬೋಗುಣಿಗೆ ಸುರಿದು ಒಂದೊಂದನ್ನೇ ನೋಡಿದೆ. ಎಲ್ಲವೂ ದೊಡ್ಡವು, ಎಲ್ಲವೂ ಒಂದೇ ಅಳತೆ. ಆಗಸ್ಟ್ ಕೊನೆಯೆಂದರೆ ಮರಿಗಳು ತುಂಬಿರಬೇಕಾದ ಕಾಲ. ಒಂದಾದರೂ ಮರಿ? ಇಲ್ಲ. ಮರಿಗಳಿಲ್ಲದ ಊರು ಯಾವುದು? ಬೇರೆಡೆಯಿಂದ ದುಡಿಯಲು ಬಂದವರ ಶಿಬಿರ.

ಬೋಗುಣಿಯ ಅಂಚಿನಲ್ಲಿ ಒಂದು ಕಪ್ಪು ಚೂರು ಅಂಟಿತ್ತು. ಚಿಮಟದಿಂದ ಎತ್ತಿದೆ. ಸುರುಳಿ ಬಿಚ್ಚಿಕೊಂಡ ಎಲೆ. ಮತ್ತೊಂದು, ಇನ್ನೂ ಒಂದು. ಮೂಸಿದೆ. ನಮ್ಮ ಕಡೆಯ ಗಾಳದವರೆಲ್ಲ ಎರೆಯನ್ನು ಯಾವುದರಲ್ಲಿ ಕಾಪಾಡುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಅಪ್ಪನ ಎರೆಡಬ್ಬಿಯೂ ಹಾಗೆಯೇ ಇರುತ್ತಿತ್ತು. ಒದ್ದೆ ಚಹಾ ಚರಟ.

"ಅವೆರ್ಕಣ್ಣ," ಎಂದೆ, ಆದಷ್ಟು ಮೆಲ್ಲಗೆ. "ಈ ಮೊರ್ಮಿಶ್‌ಗಳು ಚಹಾ ಕುಡಿಯೋದನ್ನ ಯಾವಾಗ ಕಲಿತ್ವು?"

ಶಿಳ್ಳೆ ನಿಂತಿತು. ಅವನು ಹುಟ್ಟಿನ ತುದಿ ನೋಡಿದ, ಆಕಾಶ ನೋಡಿದ, ದಡ ಎಷ್ಟು ದೂರವಿದೆಯೆಂದು ನೋಡಿದ. ದೋಣಿಯಲ್ಲಿ ಓಡಿಹೋಗಲು ಜಾಗವಿಲ್ಲ.

ಉಸ್ತಿನ್ಯಾ ನನಗಿಂತ ಚುರುಕು. ನನ್ನ ಚಿಮಟದಲ್ಲಿದ್ದ ಎಲೆ ನೋಡಿದಳು, ಅವನ ಕಿವಿ ಕೆಂಪಾಗುವುದನ್ನು ನೋಡಿದಳು. ಅಷ್ಟು ಸಾಕಾಯಿತು.

"ಮುದುಕಾ! ಏನು ಮಾಡಿದೆ?"

"ಏನಿಲ್ಲ ಯಜಮಾನ್ತಿ... ಸ್ವಲ್ಪ ಸಹಾಯ. ನಮ್ಮೂರ ಕೆರೇಲಿ ಬೇಕಾದಷ್ಟಿವೆ. ಅಲ್ಲಿ ಇಕ್ಕಟ್ಟು, ಇಲ್ಲಿ ಖಾಲಿ. ತಂದು ಬಿಟ್ಟೆ."

"ಯಾವುದರಲ್ಲಿ ತಂದೆ?"

"ಹಾಲಿನ ಕ್ಯಾನಲ್ಲಿ."

"ಯಾರ ಕ್ಯಾನು?"

"...ನಿಮ್ಮೂರ ಡೈರೀದು."

"ಅಯ್ಯೋ ಪಾಪಿ! ಊರೆಲ್ಲ ಅದರಲ್ಲೇ ಹಾಲು ಕುಡಿಯುತ್ತೆ!" ಉಸ್ತಿನ್ಯಾ ಒದ್ದೆ ಜರಡಿಯಿಂದಲೇ ಅವನ ಬೆನ್ನಿಗೆ ಒಂದು ಬಿಗಿದಳು. ದೋಣಿ ಹೊಯ್ದಾಡಿತು. ನಾನು ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಮೋಸದ ಹುಳ ತೋರಿಸಿ ಅನುಮತಿ ತಗೊಂಡು, ಆ ಮೀನನ್ನ ನಾನು ಹಿಟ್ಟಲ್ಲಿ ಸುತ್ತಿ ಊರಿನ ಮಕ್ಕಳಿಗೆ ತಿನ್ನಿಸ್ಬೇಕಾ? ಹಂಗೆ ಮದುವೆ ಆಗೋದಿದ್ರೆ ನಾಲ್ಕು ವರ್ಷ ಯಾಕೆ ಕಾಯ್ತಿದ್ದೆ, ಅಂಗಡಿ ಮೀನಲ್ಲೇ ಆಗ್ತಿದ್ದೆ!"

"ನಾಲ್ಕು ವರ್ಷ ಕಾದದ್ದು ನಾನೂ ಅಲ್ವಾ" ಎಂದ ಅವೆರ್ಕಿ, ಬೆನ್ನು ಸವರಿಕೊಳ್ಳುತ್ತ. ದನಿ ಸಣ್ಣದಾಗಿತ್ತು. "ನನಗೆ ಅರವತ್ತಮೂರು ಆಯ್ತು ಉಸ್ತಿನ್ಯಾ. ಕೆರೆ ಗುಣ ಆಗೋಕೆ ಎಷ್ಟು ವರ್ಷ ಬೇಕೋ. ನನ್ನ ಹತ್ರ ಅಷ್ಟು ಇವೆಯೋ ಇಲ್ವೋ."

ಉಸ್ತಿನ್ಯಾ ಎರಡನೆಯ ಸಲ ಎತ್ತಿದ್ದ ಕೈ ಇಳಿಸಿದಳು. ಜರಡಿಯನ್ನು ಕೆಳಗಿಟ್ಟು ಕೂತಳು.

ಬಾಟಲಿಯ ಸುತ್ತಲ ಜಾಗವೆಲ್ಲ ಕೆಟ್ಟಿತ್ತು. ಅಲ್ಲಿ ತೆಗೆದ ಯಾವುದನ್ನೂ ನಂಬುವಂತಿರಲಿಲ್ಲ. ಈ ವರ್ಷದ ಲೆಕ್ಕವನ್ನೇ ಕೈಬಿಟ್ಟರೆ ತಡೆ ಇನ್ನೊಂದು ವರ್ಷ ಮುಂದುವರಿಯುತ್ತದೆ. ಸುಮ್ಮನೆ ಬರೆದುಬಿಟ್ಟರೆ? ಆ ಯೋಚನೆ ಬಂದದ್ದೇ ದೋಣಿಯನ್ನು ದಡಕ್ಕೆ ತಿರುಗಿಸಲು ಹೇಳಿದೆ.

ಫೋನು ಸಿಗುವುದು ಹಳ್ಳಿಯ ಹಿಂದಿನ ದಿಣ್ಣೆಯ ಮೇಲೆ ಮಾತ್ರ. ಅಲ್ಲಿ ನಿಂತು ಸಿಕ್ತಿವ್ಕಾರ್ ಪಟ್ಟಣದಲ್ಲಿದ್ದ ನಮ್ಮ ಪ್ರಯೋಗಾಲಯದ ಹಿರಿಯಳು ಕಪಿತೊಲಿನಾಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಕೇಳಿದಳು, "ಬಾಟಲಿ ಇಲ್ಲದ ಕಡೆ ಏನಾದ್ರೂ ಸುರಿದಿದ್ದಾನಾ?"

"ಇಲ್ಲವಂತೆ. ನಾನು ಎಲ್ಲಿ ಅಗೆಯುತ್ತೀನೋ ಅಲ್ಲಿ ಮಾತ್ರವಂತೆ."

"ಸರಿ. ಬಾಟಲಿಗಳನ್ನ ಮರೆತುಬಿಡು, ಹೊಸ ಜಾಗ ತೆಗಿ. ಮೊರ್ಮಿಶ್ ಈಜಿಕೊಂಡು ಎಲ್ಲಿಗೆ ಬೇಕಾದ್ರೂ ಹೋಗಿರುತ್ತೆ, ಈ ವರ್ಷ ಅದನ್ನ ಲೆಕ್ಕಕ್ಕೇ ಹಿಡೀಬೇಡ. ಅವನು ಹೊತ್ತು ತರೋಕೆ ಆಗದಂಥ ಜೀವಿಗಳನ್ನ ನೋಡು. ಯಾಕೆ ಹೀಗಾಯ್ತು ಅಂತ ಮುಚ್ಚಿಡದೆ ಬರಿ, ಆ ಮಹಾನುಭಾವನೂ ತಾನು ಮಾಡಿದ್ದನ್ನ ತಾನೇ ಒಪ್ಪಿ ಹೇಳಲಿ. ಮತ್ತೆ ಕೇಳು ಫೈನಾ..."

"ಏನು?"

"ಜಾಗ ನೀನು ಆರಿಸ್ಬೇಡ. ಆ ಹೆಂಗಸಿನ ಮೇಲೆ ನಿನಗೆ ಪ್ರೀತಿ ಜಾಸ್ತಿ."

ಆ ಮಾತು ನನಗೆ ಚುಚ್ಚಿತು. ನಿಜವಾದ್ದರಿಂದಲೇ ಚುಚ್ಚಿತು.

ಜಾಗವನ್ನು ಆರಿಸಿದ್ದು ಬಟಾಣಿ. ಉಸ್ತಿನ್ಯಾಳ ಮೇಜಿನ ಮೇಲೆ ಕೆರೆಯ ನಕ್ಷೆ ಹಾಸಿದೆ. ಅವಳು ಒಂದು ಹಿಡಿ ಒಣ ಬಟಾಣಿ ತಂದು, ಬೆನ್ನು ತಿರುಗಿಸಿ ನಿಂತು, ಭುಜದ ಮೇಲಿಂದ ಹಿಂದಕ್ಕೆ ಎಸೆದಳು. ನಕ್ಷೆಯ ನೀರಿನ ಮೇಲೆ ನಿಂತ ಕಾಳುಗಳೇ ನಮ್ಮ ಜಾಗಗಳು. ಹೆಚ್ಚಿನವು ಕೆರೆಯ ನಡುವೆ, ಪಡುವಣ ದಡದ ಹತ್ತಿರ ಬಿದ್ದವು. ಎರಡು ಮಾತ್ರ ಉರುಳಿ ಉರುಳಿ ಮೂಡಲ ಮೂಲೆಗೆ ಹೋಗಿ, ತೊರೆ ಸೇರುವಲ್ಲೇ ನಿಂತವು. ಅವೆರ್ಕಿಯ ಕಿರುಬೆರಳು ಮೇಜಿನ ಅಂಚಿನಿಂದ ಮೆಲ್ಲಗೆ ಆ ಕಡೆಗೆ ಹರಿಯತೊಡಗಿತು.

ಉಸ್ತಿನ್ಯಾ ತಿರುಗಿದವಳೇ ಅದರ ಮೇಲೆ ಸೌಟಿನಿಂದ ಹೊಡೆದಳು.

"ನೊಣ ಕೂತಿತ್ತು" ಎಂದ ಅವೆರ್ಕಿ.

"ನೊಣಕ್ಕೂ ಬೀಳುತ್ತೆ."

ಗಾಳಿ ಎದ್ದಿತ್ತು. ಆ ದಿನವೂ ಮರುದಿನವೂ ನಾವು ಬಟಾಣಿ ಹೇಳಿದ ಕಡೆಗೆಲ್ಲ ಹುಟ್ಟು ಹಾಕಿದೆವು. ಅವೆರ್ಕಿ ಶಿಳ್ಳೆ ಹಾಕಲಿಲ್ಲ, ಆದರೆ ಅಲೆಯ ನಡುವೆ ದೋಣಿಯನ್ನು ಕದಲದಂತೆ ನಿಲ್ಲಿಸಿಕೊಟ್ಟ. ಮೂಡಲ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆ ಮೇಲೆ ಬಂದಾಗ ಅದರ ಸುತ್ತ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ತೆಳು ಪೊರೆ ಹರಡಿತು. ಮೂವರೂ ಅದನ್ನು ನೋಡಿದೆವು. ಉಸ್ತಿನ್ಯಾ ಜರಡಿಯನ್ನು ಇನ್ನಷ್ಟು ನಿಧಾನವಾಗಿ ತೊಳೆದಳು. ಅದರಲ್ಲಿ ಉಳಿದದ್ದು ಕೆಂಪು ದಾರದ ಹುಳುಗಳ ಗೊಂಚಲು, ಕಪ್ಪು ಹೂಳಿನ ಉಂಡೆಗಳು.

"ಇದು ನಮ್ಮಪ್ಪ ಬಲೆ ಹಾಕ್ತಿದ್ದ ಜಾಗ" ಎಂದಳು. ಅಷ್ಟೇ.

ಕೆರೆಯ ನಡುವೆ ಬೇರೆ ಕತೆ. ಕೆಸರು ತೆಳು ಕಂದು, ಒದ್ದೆ ಮಣ್ಣಿನ ವಾಸನೆ. ಜರಡಿಯಲ್ಲಿ ಕಡಲೆಬೇಳೆಗಿಂತ ಸಣ್ಣ ಚಿಪ್ಪುಗಳಿದ್ದವು. ಬಾಯಿ ತೆರೆದು ಖಾಲಿಯಾಗಿದ್ದವಲ್ಲ, ಬಿಗಿಯಾಗಿ ಮುಚ್ಚಿಕೊಂಡಿದ್ದ ಜೀವಂತ ಚಿಪ್ಪುಗಳು. ಅವುಗಳ ಮರಿಗಳೂ ಇದ್ದವು, ಎಳ್ಳಿನಷ್ಟು. ಕಡ್ಡಿಚೂರು, ಮರಳುಕಾಳು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡು ಅದನ್ನು ಎಳೆದುಕೊಂಡೇ ತಿರುಗುವ ಹುಳುಗಳಿದ್ದವು. ಉಸ್ತಿನ್ಯಾ ಒಂದನ್ನು ಅಂಗೈ ಮೇಲಿಟ್ಟು ಅವೆರ್ಕಿಯ ಮೂಗಿನ ಹತ್ತಿರ ಹಿಡಿದಳು.

"ನೋಡು, ಇದನ್ನೂ ನೀನೇ ತಂದೆಯಾ?"

"ಇಲ್ಲ ಯಜಮಾನ್ತಿ. ಆಣೆ."

"ಇದಕ್ಕಾದ್ರೂ ಸ್ವಂತ ಮನೆ ಇದೆ. ನೀನು ಇನ್ನೊಬ್ಬರ ಕ್ಯಾನಲ್ಲಿ ಸಂಸಾರ ಮಾಡೋನು."

ಅವನು ನಕ್ಕ. ಎರಡು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ಅವಳು ಮತ್ತೆ ಬೈಯಲು ಶುರುಮಾಡಿದ್ದು ಒಳ್ಳೆಯ ಲಕ್ಷಣವೆಂದು ಅವನಿಗೆ ಗೊತ್ತಿತ್ತು.

ಉಳಿದದ್ದು ಹಲ್ಲು. ಕೆಸರಿನಲ್ಲಿ ಗುಂಗುರುಗಳ ಮರಿಹುಳುಗಳು ಬೆಳೆಯುತ್ತವೆ. ಅವುಗಳ ಬಾಯಿಯಲ್ಲಿ ಬಾಚಣಿಗೆಯಂಥ ಹಲ್ಲಿನ ಸಾಲಿರುತ್ತದೆ. ಕೆಸರಿನಲ್ಲಿ ಎಣ್ಣೆಯ ವಿಷವಿದ್ದರೆ ಹುಳು ಸಾಯದೆ ಬದುಕಬಹುದು, ಆದರೆ ಹಲ್ಲು ನೆಟ್ಟಗೆ ಬೆಳೆಯುವುದಿಲ್ಲ. ಒಂದಕ್ಕೊಂದು ಅಂಟಿಕೊಳ್ಳುತ್ತದೆ, ನಡುವೆ ಸಂದಿ ಬೀಳುತ್ತದೆ. ಆ ಕೆಲಸವನ್ನು ನಾನು ಸಾಮಾನ್ಯವಾಗಿ ಪಟ್ಟಣಕ್ಕೆ ಮರಳಿ ಮಾಡುತ್ತಿದ್ದೆ. ಆ ವರ್ಷ ಕಾಯಲು ಯಾರಿಗೂ ಸಾಧ್ಯವಿರಲಿಲ್ಲ, ನನಗೂ. ಸೂಕ್ಷ್ಮದರ್ಶಕ ಪೆಟ್ಟಿಗೆಯಲ್ಲೇ ಇತ್ತು. ಹುಳುವಿನ ತಲೆಗಳನ್ನು ಕ್ಷಾರದ ನೀರಿನಲ್ಲಿ ಕಾಯಿಸಬೇಕು ಎಂದಾಗ ಉಸ್ತಿನ್ಯಾ ತನ್ನ ಒಲೆಯನ್ನು ಕೊಡಲು ಒಪ್ಪಲಿಲ್ಲ.

"ರೊಟ್ಟಿ ಬೇಯೋ ಒಲೇಲಿ ಹುಳದ ತಲೆ ಬೇಯಿಸ್ತೀಯಾ? ಹಬೆಕೋಣೆಗೆ ಹೋಗು, ಅಲ್ಲಿ ಒಲೆ ಉರೀತಾ ಇದೆ."

ಸ್ನಾನದ ಹಬೆಕೋಣೆಯ ಮುಂಗೋಣೆಯಲ್ಲಿ, ಒಣಗಿದ ಬರ್ಚ್ ಎಲೆಗಳ ವಾಸನೆಯ ನಡುವೆ, ಕಿಟಕಿಗೆ ಮುಖಮಾಡಿ ಕೂತೆ. ಮೊದಲು ಮೂಡಲ ಮೂಲೆಯವು. ಅಂಟಿದ ಹಲ್ಲು, ಮುರಿದ ಸಾಲು. ಹಲವು ಸಲ ನೋಡಿದೆ, ಬೇರೆ ಏನೂ ಕಾಣಲಿಲ್ಲ. ಬಾಗಿಲಲ್ಲಿ ನಿಂತ ಇಬ್ಬರೂ ನನ್ನ ಬೆನ್ನನ್ನು ಓದುತ್ತಿದ್ದರು.

ಆಮೇಲೆ ಕೆರೆಯ ನಡುವಿನವು. ಒಂದು, ಇನ್ನೊಂದು, ಮತ್ತೊಂದು. ಹೊಸ ಗರಗಸದಂತೆ ಸಾಲು ಸಾಲು. ಪಡುವಣ ದಡದವು. ಹಾಗೆಯೇ. ಎಲ್ಲೋ ಒಂದು ಸೊಟ್ಟಗಿತ್ತು. ಅಂಥವು ಎಂದೂ ಎಣ್ಣೆ ಕಾಣದ ಕೆರೆಯಲ್ಲೂ ಒಂದೊಂದು ಸಿಗುತ್ತವೆ. ಆದರೂ ಅದನ್ನೇ ಬಹಳ ಹೊತ್ತು ನೋಡುತ್ತ ಕೂತೆ. ಆಮೇಲೆ ಕಣ್ಣೊರೆಸಿಕೊಂಡು ಮೊದಲಿನಿಂದ ಮತ್ತೊಮ್ಮೆ ನೋಡಿದೆ.

"ತಂಗಿ, ಅದೇನು ಅಂತ ಹೇಳಿಬಿಡು, ನನ್ನ ಎದೆ ನಿಲ್ಲುತ್ತೆ" ಎಂದ ಅವೆರ್ಕಿ.

"ನೀನೇ ನೋಡು ಬಾ."

ಅವನು ಟೋಪಿ ತೆಗೆದು ಬಾಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಯಪ್ಪಾ. ಇದಕ್ಕೆ ನನಗಿಂತ ಹೆಚ್ಚು ಹಲ್ಲಿದೆ."

"ಕೋಳಿಗೂ ನಿನಗಿಂತ ಹೆಚ್ಚಿವೆ" ಎಂದಳು ಉಸ್ತಿನ್ಯಾ, ಅವನನ್ನು ಪಕ್ಕಕ್ಕೆ ತಳ್ಳಿ ತಾನು ಬಾಗುತ್ತ. ನೋಡಿ ತಲೆಯೆತ್ತಿದಾಗ ಅವಳ ಮುಖದಲ್ಲಿ ನಗುವಿರಲಿಲ್ಲ. "ಇದು ಒಳ್ಳೇದಾ?"

ನನ್ನ ಬದುಕಿನಲ್ಲಿ ಅಷ್ಟು ತೂಗಿ ನಾನು ಯಾವ ಮಾತನ್ನೂ ಹೇಳಿಲ್ಲ. "ನಡುವಿನ ಕೆರೆ ಮತ್ತು ಪಡುವಣ ದಡ ಗುಣವಾಗಿವೆ ಉಸ್ತಿನ್ಯಕ್ಕ. ಬಲೆ ಹಾಕಬಹುದು ಅಂತ ಬರೀತೀನಿ. ಮೂಡಲ ಮೂಲೆ ಗುಣವಾಗಿಲ್ಲ. ಅಲ್ಲಿ ಹಾಕಬಾರದು, ಬೇಲಿಯ ಹಾಗೆ ಬಲೆ ಕಟ್ಟಿ ಆ ಕಡೆಯ ಮೀನು ಈ ಕಡೆ ಬರದಂತೆ ಮಾಡಬೇಕು. ಇಷ್ಟೇ ನಾನು ಹೇಳೋಕೆ ಆಗೋದು. ಇದಕ್ಕಿಂತ ಜಾಸ್ತಿ ಹೇಳಿದ್ರೆ ಸುಳ್ಳಾಗುತ್ತೆ."

ಅವಳು ಬೆಂಚಿನ ಮೇಲೆ ಕೂತು ಮೊಣಕಾಲ ಮೇಲೆ ಕೈಯಿಟ್ಟುಕೊಂಡಳು. ಅವೆರ್ಕಿ ಅವಳನ್ನೇ ನೋಡುತ್ತ ನಿಂತ. ಅಪ್ಪನ ಜಾಗ, ಗಂಡನ ಜಾಗ, ಎರಡೂ ಆ ಮೂಲೆಯಲ್ಲೇ. ನನ್ನ ಕೆರೆಯ ಮೀನು ಎಂದು ಅವಳು ಹೇಳಿದ್ದು ಕೆರೆಯ ಯಾವ ಮೂಲೆಯನ್ನು ಎಂದು ಅವನೂ ಯೋಚಿಸುತ್ತಿದ್ದಿರಬೇಕು.

"ನಮ್ಮಪ್ಪ ಮೂಡಲ ಕಡೆ ಹಾಕ್ತಿದ್ದದ್ದು ಸೋಮಾರಿತನಕ್ಕೆ" ಎಂದಳು ಕೊನೆಗೆ. "ಮನೆಗೆ ಹತ್ತಿರ ಅಂತ. ಪಡುವಣದಲ್ಲಿ ಮೀನು ದಪ್ಪ ಅಂತ ನಮ್ಮಮ್ಮ ಯಾವಾಗ್ಲೂ ಹೇಳ್ತಿದ್ದಳು."

ಅವೆರ್ಕಿ ತಾನೂ ಬೆಂಚಿನ ಮೇಲೆ ಕೂತುಬಿಟ್ಟ. ಟೋಪಿಯನ್ನು ಮೇಲಕ್ಕೆಸೆದು ಹಿಡಿದ.

"ಕುಣೀಬೇಡ" ಎಂದಳು ಅವಳು. "ನೀನು ಮಾಡಿದ್ದನ್ನ ಊರ ಮುಂದೆ ಹೇಳೋವರೆಗೆ ನನ್ನ ಮನೇಲಿ ನಿನಗೆ ಚಹಾ ಇಲ್ಲ."

ಅವನು ಹೇಳಿದ. ಹಳ್ಳಿಯ ಸಭಾಮನೆಯಲ್ಲಿ, ಎಲ್ಲರೂ ಕೂಡಿದ್ದಾಗ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ. ಎಲ್ಲಿಂದ ತಂದೆ, ಯಾವ ಬಾಟಲಿಯ ಪಕ್ಕ ಸುರಿದೆ, ಯಾಕೆ, ಎಲ್ಲವನ್ನೂ. ಮದುವೆಗೋಸ್ಕರ ಎನ್ನುವಾಗ ಮಾತ್ರ ಉಸ್ತಿನ್ಯಾಳ ಕಡೆ ನೋಡಿದ. ನನಗೆ ಭಯವಾಯಿತು, ಸಿಟ್ಟಾಗಲು ಅವರಿಗೆ ಹಕ್ಕಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಮುದುಕಿಯೊಬ್ಬಳು ಕೇಳಿದಳು:

"ಆ ಕ್ಯಾನು ತೊಳೆದ್ಯಾ ಮಗಾ?"

"ತೊಳೆದೆ ಅಜ್ಜಿ. ಎರಡು ಸಲ."

"ಅದಕ್ಕೇ ಅನ್ನು. ಆಗಿನಿಂದ ಹಾಲಲ್ಲಿ ರುಚೀನೇ ಇಲ್ಲ."

ಸಭಾಮನೆಯ ಗಾಜು ಅದುರುವಂತೆ ನಕ್ಕರು. ಆ ನಗುವಿನಲ್ಲೇ ಅವೆರ್ಕಿಗೆ ಕ್ಷಮೆ ಸಿಕ್ಕಿತು, ಅದರ ಜೊತೆ ಚಹಾ ಚರಟ ಎಂಬ ಅಡ್ಡಹೆಸರೂ ಸಿಕ್ಕಿತು. ಅದು ಈಗಲೂ ಇದೆ.

ಅನುಮತಿ ಅಕ್ಟೋಬರಿನಲ್ಲಿ ಬಂತು. ಜಿಲ್ಲಾ ಕಚೇರಿಯವರು ನನ್ನನ್ನು ಕರೆಸಿ ಮೂರು ತಾಸು ಪ್ರಶ್ನೆ ಕೇಳಿದರು. ಬಟಾಣಿಯ ವಿಷಯದಲ್ಲಿ ಇಬ್ಬರು ಕೆಮ್ಮಿದರು, ಆದರೆ ಮಾದರಿಗಳನ್ನು ತಾವೇ ಇನ್ನೊಮ್ಮೆ ನೋಡಿಸಿ ಒಪ್ಪಿದರು. ಮದುವೆ ನವೆಂಬರಿನಲ್ಲಿ ಎಂದು ಸುದ್ದಿ ಬಂತು. ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ, ಹಿಮಬಂಡಿಗಳು ಓಡಾಡತೊಡಗಿದ ಮೇಲೆ.

ನಾನು ತಲುಪಿದ ದಿನ ಅವರು ಪಡುವಣ ದಡದಲ್ಲಿ ಮಂಜುಗಡ್ಡೆಯ ತೂತಿನಿಂದ ಬಲೆ ಎಳೆಯುತ್ತಿದ್ದರು. ಉದ್ದ ಕೋಲನ್ನು ತೂತಿನಿಂದ ತೂತಿಗೆ ನೂಕಿ ಗಡ್ಡೆಯ ಕೆಳಗೆ ಬಲೆ ಹಾಸುವ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಎಳೆಯುವವಳು ಉಸ್ತಿನ್ಯಾ, ಹೊರಗೆ ಬಂದ ಬಲೆಯ ಮೇಲೆ ಕಟ್ಟಿದ ಮಂಜನ್ನು ಬಡಿದು ಉದುರಿಸುವವನು ಅವೆರ್ಕಿ. ಮೊದಲ ಗಜಗಳು ಖಾಲಿ ಬಂದವು. ಸುತ್ತ ನಿಂತವರು ತೂತಿನ ಹತ್ತಿರ ಸರಿದರು. ಗುಣವಾದ ತಳದ ಮೇಲೆ ಮೀನೇ ಇಲ್ಲದಿದ್ದರೆ? ಅದನ್ನು ನಾನು ಯೋಚಿಸಿರಲೇ ಇಲ್ಲ.

ಆಮೇಲೆ ಬಲೆ ಭಾರವಾಯಿತು. ಪಟ್ಟೆಯ ಮೀನುಗಳು, ಬೆಳ್ಳಿ ಮೀನುಗಳು, ಮೂತಿ ಚೂಪಾದ ಒಂದು ದೊಡ್ಡ ಮೀನು. ಗಡ್ಡೆಯ ಮೇಲೆ ಬಿದ್ದು ಬಡಿದಾಡಿ, ಚಳಿಗೆ ಕ್ಷಣದಲ್ಲಿ ಕೊರಡಾದವು. ಉಸ್ತಿನ್ಯಾ ಎಳೆಯುತ್ತಲೇ ಇದ್ದಳು. ಅವಳ ಕೆನ್ನೆಯ ಮೇಲೆ ಹರಿದದ್ದೂ ಹೆಪ್ಪುಗಟ್ಟಿತ್ತು.

ಮರುದಿನ ಮಧ್ಯಾಹ್ನ ಅವಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ನಡುವೆ ಚೆರಿನ್ಯಾನ್, ಒಂದು ದಿಂಬಿನಷ್ಟು ಉದ್ದ, ಕಂದು ಹೊಟ್ಟೆಯ ಮೇಲೆ ಬೆಣ್ಣೆ ಮಿಂಚುತ್ತಿತ್ತು. ಉಸ್ತಿನ್ಯಾ ನೀಲಿ ವಸ್ತ್ರ ತಲೆಗೆ ಕಟ್ಟಿ ಚಾಕು ಹಿಡಿದು ನಿಂತಿದ್ದಳು. ಹೊದಿಕೆಯ ಸುತ್ತ ಕತ್ತರಿಸಿ ಮುಚ್ಚಳದಂತೆ ಎತ್ತಿದಳು. ಹಬೆ ಎದ್ದಿತು. ಎಲ್ಲರೂ ಮುಂದಕ್ಕೆ ಬಾಗಿದರು, ಆದರೆ ಯಾರೂ ಕೈ ಚಾಚಲಿಲ್ಲ. ಅಷ್ಟು ವರ್ಷ ಬೇಡ ಬೇಡ ಎಂದು ಕೇಳಿದ ಜನ.

"ಬರೆದೋಳು ಮೊದಲು ತಿನ್ಲಿ" ಎಂದಳು ಕ್ಯಾನಿನ ಅಜ್ಜಿ.

ನ್ಯಾಯವಾದ ಮಾತು. ಉಸ್ತಿನ್ಯಾ ಹೊಟ್ಟೆಯ ಭಾಗದಿಂದ ಒಂದು ದೊಡ್ಡ ತುಂಡನ್ನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟಳು. ನನ್ನ ತಲೆಯಲ್ಲಿ ಒಂದು ಕ್ಷಣ ಜರಡಿಗಳೆಲ್ಲ, ಚಿಪ್ಪುಗಳೆಲ್ಲ ಸಾಲುಗಟ್ಟಿ ನಿಂತವು. ನಾನು ಬರೆದದ್ದರಲ್ಲಿ ಒಂದು ಪದವನ್ನಾದರೂ ಬದಲಾಯಿಸಬೇಕೇ ಎಂದು ನನ್ನನ್ನೇ ಕೇಳಿಕೊಂಡೆ. ಬೇಡ ಅನ್ನಿಸಿತು. ಬೆರಳಿನಲ್ಲಿ ಮುರಿದು ಬಾಯಿಗಿಟ್ಟೆ. ಬಿಸಿ, ಉಪ್ಪು, ಕೆರೆಯ ಮೀನಿ‌ನ ಸಿಹಿ ಕೊಬ್ಬು ಹೀರಿದ ರೈ ಹಿಟ್ಟು. ಎಲ್ಲರ ಕಣ್ಣೂ ನನ್ನ ದವಡೆಯ ಮೇಲಿತ್ತು. ನುಂಗಿದೆ.

"ಹೇಗಿದೆ?" ಎಂದಳು ಉಸ್ತಿನ್ಯಾ.

"ಮುಳ್ಳು ಜಾಸ್ತಿ" ಎಂದು ಹೇಳಿ ಇನ್ನೊಂದು ತುಂಡಿಗೆ ತಟ್ಟೆ ಚಾಚಿದೆ.

ಮೇಜಿನ ಸುತ್ತ ಕೈಗಳು ಮುನ್ನುಗ್ಗಿದವು. ಬಿಳಿ ಅಂಗಿಯ ಕಾಲರು ಬಿಗಿಯಾಗಿ ಮುಖವೆಲ್ಲ ಕೆಂಪಾಗಿದ್ದ ಅವೆರ್ಕಿ ಆ ಗದ್ದಲದಲ್ಲಿ ತನ್ನ ತಟ್ಟೆಯನ್ನೂ ಮುಂದೆ ಹಿಡಿದ. ಉಸ್ತಿನ್ಯಾ ಮೀನಿನ ತಲೆಯನ್ನು, ಮನೆಯ ಯಜಮಾನನಿಗೆ ಬಡಿಸುವ ಆ ಭಾಗವನ್ನು, ಚಾಕುವಿನ ಮೇಲೆತ್ತಿ ಅವನ ತಟ್ಟೆಗೆ ಹಾಕಿದಳು.

"ತಿನ್ನು ಮುದುಕಾ" ಎಂದಳು. "ಸೌದೆ ಒಡೆದು ಊರಿಗೆ ವಾಪಸ್ ಹೋಗೋದು ಇನ್ಮೇಲಿಲ್ಲ."